ಟೆಸ್ಟ್ ಬಿಟ್ಟುಹೋದ ಫೈಲ್‌ಗಳು: ಟೆಂಪರರಿ ಫೈಲ್ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಒಂದು ಸೋಮವಾರ ಬೆಳಿಗ್ಗೆ ಕೋಡ್ ಬದಲಾದಾಗಲೆಲ್ಲ ಟೆಸ್ಟ್ ಓಡಿಸುವ ನಮ್ಮ ಬಿಲ್ಡ್ ಮಷೀನ್ ಹಠ ಹಿಡಿದು ಕೂತಿತ್ತು. ಯಾವ ಬ್ರಾಂಚ್ ಓಡಿಸಿದರೂ ಅದೇ ಎರರ್: ಡಿಸ್ಕ್‌ನಲ್ಲಿ ಜಾಗ ಇಲ್ಲ. 'ಡಿಎಫ್ -ಎಚ್' ಹೊಡೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇದೆ. ಅರ್ಧ ಗಂಟೆ ತಲೆ ಕೆರೆದುಕೊಂಡೆವು. ಕೊನೆಗೆ ಪಕ್ಕದಲ್ಲಿದ್ದವರು 'ಡಿಎಫ್ -ಐ' ಹೊಡೆದರು. ಐನೋಡ್ (ಪ್ರತಿ ಫೈಲ್‌ನ ವಿವರ ಇಡುವ ದಾಖಲೆ) ನೂರಕ್ಕೆ ನೂರು ಖರ್ಚಾಗಿತ್ತು.

ಫೈಲ್ 10 ಬೈಟ್ ಇರಲಿ, 10 ಜಿಬಿ ಇರಲಿ, ಅದಕ್ಕೊಂದು ಐನೋಡ್ ಬೇಕು. ಲಿನಕ್ಸ್‌ನ ಫೈಲ್ ಸಿಸ್ಟಂ ಆದ ಎಕ್ಸ್‌ಟಿ4, ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಐನೋಡ್ ಎಣಿಸಿ ಇಟ್ಟುಬಿಡುತ್ತದೆ. 20 ಜಿಬಿಗೆ ಸುಮಾರು 13 ಲಕ್ಷ. ಆದರೆ ಚಿಕ್ಕ ಫೈಲ್ ಒಂದು ಹಿಡಿಯುವ ಜಾಗ ಬರೀ 4 ಕೆಬಿ. ಹಾಗಾಗಿ ಡಿಸ್ಕ್ ಕಾಲು ಭಾಗ ತುಂಬುವಷ್ಟರಲ್ಲೇ ಐನೋಡ್ ಮುಗಿದು ಹೋಗಬಹುದು. ಟೆಂಪರರಿ ಫೈಲ್‌ಗಳು ಬೀಳುವ ನಮ್ಮ '/ಟಿಎಂಪಿ'ಯಲ್ಲಿ ಆಗಿದ್ದು ಅದೇ. ಒಂದೆರಡು ಸಾಲಿನ ಸಿಎಸ್‌ವಿ ಫೈಲ್‌ಗಳು, ಲಕ್ಷಗಟ್ಟಲೆ. ಎಲ್ಲವೂ ನಮ್ಮದೇ ಟೆಸ್ಟ್‌ಗಳು ತಿಂದು ಬಿಟ್ಟ ಎಂಜಲೆಲೆ.

ಆ ಫೈಲ್‌ಗಳಿಗೆ ಯಜಮಾನರೇ ಇರಲಿಲ್ಲ. ಫಂಕ್ಷನ್ ಹುಟ್ಟಿಸಿತು, ಟೆಸ್ಟ್ ಅಳಿಸುತ್ತದೆ ಅಂದುಕೊಂಡಿತು. ಟೆಸ್ಟ್ ಬರೆದವರಿಗೆ ಅಂಥದ್ದೊಂದು ಫೈಲ್ ಹುಟ್ಟಿದ್ದೇ ಗೊತ್ತಿರಲಿಲ್ಲ. ಕೆಳಗೆ ಹೇಳುವ ಹಂತಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಈ ಫೈಲ್ ಯಾರದ್ದು?

ಉದಾಹರಣೆಗೆ ಹಾಲಿನ ಡೈರಿಯ ಲೆಕ್ಕ ಇಟ್ಟುಕೊಳ್ಳೋಣ. ಸದಸ್ಯರು ಬೆಳಿಗ್ಗೆ, ಸಂಜೆ ಹಾಕಿದ ಹಾಲಿನ ಲೀಟರ್, ಫ್ಯಾಟ್ ಇರುವ ಒಂದು ಸಿಎಸ್‌ವಿ. ಅದನ್ನು ಓದಿ ಪ್ರತಿ ಸದಸ್ಯರಿಗೂ ಒಂದೊಂದು ಬಿಲ್ ಫೈಲ್ ಬರೆಯುವ ಪೈಥಾನ್ ಪ್ರೋಗ್ರಾಂ. ಟೆಸ್ಟ್‌ಗಳು ಪೈಟೆಸ್ಟ್ ಎಂಬ ಪೈಥಾನ್ ಟೆಸ್ಟ್ ಸಾಧನದಲ್ಲಿವೆ. ಕಮಾಂಡ್, ಕೋಡ್ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಮೊದಲು ಕಸ ಎಷ್ಟಿದೆ ನೋಡಿ

ಸರಿ ಮಾಡುವುದಕ್ಕೆ ಮುಂಚೆ ಅಳತೆ ಬೇಕು. ಸುಲಭದ ದಾರಿ ಒಂದಿದೆ. ಒಂದು ಖಾಲಿ ಡೈರೆಕ್ಟರಿ ಮಾಡಿ. 'ಟಿಎಂಪಿಡಿಐಆರ್' ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಆ ಡೈರೆಕ್ಟರಿಯ ಪೂರ್ತಿ ಪಾತ್ ಕೊಟ್ಟು, ಅದೇ ಟರ್ಮಿನಲ್‌ನಲ್ಲಿ ಟೆಸ್ಟ್ ಓಡಿಸಿ. ಮುಗಿದ ಮೇಲೆ ಒಳಗೆ ಏನು ಉಳಿದಿದೆ ನೋಡಿ.

ಪೈಥಾನ್‌ನ ಟೆಂಪ್‌ಫೈಲ್ ಮಾಡ್ಯೂಲ್ ಜಾಗ ಹುಡುಕುವುದು ಹೀಗೆ: ಮೊದಲು 'ಟಿಎಂಪಿಡಿಐಆರ್', ಆಮೇಲೆ 'ಟೆಂಪ್', ಆಮೇಲೆ 'ಟಿಎಂಪಿ' ವೇರಿಯಬಲ್. ಮೂರೂ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ '/ಟಿಎಂಪಿ', '/ವರ್/ಟಿಎಂಪಿ', '/ಯುಎಸ್‌ಆರ್/ಟಿಎಂಪಿ'. ಯಾವುದೂ ಸಿಗದಿದ್ದರೆ ನೀವು ನಿಂತಿರುವ ಡೈರೆಕ್ಟರಿಯೇ ಗತಿ. ಒಂದು ಸಲ ಹುಡುಕಿದ ಮೇಲೆ ಉತ್ತರವನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೇ ಟೆಸ್ಟ್ ಅರ್ಧ ಓಡಿದ ಮೇಲೆ ಈ ವೇರಿಯಬಲ್ ಬದಲಾಯಿಸಿದರೆ ಪ್ರಯೋಜನ ಇಲ್ಲ. ಹೊರಗಿನಿಂದ, ಪ್ರೋಗ್ರಾಂ ಶುರುವಾಗುವ ಮುಂಚೆಯೇ ಕೊಡಬೇಕು.

ಓಡಿಸಿದ ಮೇಲೆ ಆ ಡೈರೆಕ್ಟರಿಯಲ್ಲಿ 'ಪೈಟೆಸ್ಟ್-ಆಫ್-' ಎಂದು ಶುರುವಾಗಿ ನಿಮ್ಮ ಯೂಸರ್ ಹೆಸರಿನಲ್ಲಿ ಮುಗಿಯುವ ಒಂದು ಫೋಲ್ಡರ್ ಕಾಣುತ್ತದೆ. ಅದು ಪೈಟೆಸ್ಟ್‌ನದ್ದು, ಬಿಟ್ಟುಬಿಡಿ. ಉಳಿದ ಪ್ರತಿಯೊಂದೂ ಸೋರಿಕೆ.

ಈ ಬಲೆಗೆ ಬೀಳದ ಎರಡು ಮೀನುಗಳಿವೆ. ಕೋಡ್‌ನಲ್ಲೇ '/ಟಿಎಂಪಿ/ಔಟ್.ಸಿಎಸ್‌ವಿ' ಎಂದು ನೇರ ಬರೆದಿದ್ದರೆ ವೇರಿಯಬಲ್‌ಗೆ ಅದು ಕ್ಯಾರೇ ಅನ್ನುವುದಿಲ್ಲ; ಗ್ರೆಪ್ ಮಾಡಿ ಹುಡುಕಬೇಕು. ಪ್ರಾಜೆಕ್ಟ್ ಫೋಲ್ಡರ್ ಒಳಗೇ ಫೈಲ್ ಬೀಳಿಸುವ ಟೆಸ್ಟ್‌ಗಳನ್ನು 'ಗಿಟ್ ಸ್ಟೇಟಸ್' ತೋರಿಸುತ್ತದೆ. ಯಾರೋ ಪುಣ್ಯಾತ್ಮರು ಗಿಟ್‌ಇಗ್ನೋರ್‌ನಲ್ಲಿ '*.ಸಿಎಸ್‌ವಿ' ಎಂದು ಹಾಕಿ ಮುಚ್ಚಿಟ್ಟಿರಬಹುದು. 'ಗಿಟ್ ಸ್ಟೇಟಸ್ --ಇಗ್ನೋರ್ಡ್' ಹೊಡೆದರೆ ಅದೂ ಬಯಲಾಗುತ್ತದೆ.

ಹಂತ 2: ಫೈಲ್ ಬೇಕೇ ಬೇಕಾ?

ಬಿಲ್ ಲೆಕ್ಕ ಸರಿಯಿದೆಯಾ ಎಂದು ನೋಡುವುದಕ್ಕೆ ಡಿಸ್ಕ್ ಮುಟ್ಟುವ ಅಗತ್ಯ ಇಲ್ಲ. ಲೆಕ್ಕ ಹಾಕುವ ಫಂಕ್ಷನ್‌ಗೆ ಫೈಲ್ ಹೆಸರಿನ ಬದಲು ತೆರೆದ ಫೈಲನ್ನೇ ಕೊಡುವಂತೆ ಬರೆಯಿರಿ. ಟೆಸ್ಟ್‌ನಲ್ಲಿ ಅದರ ಜಾಗಕ್ಕೆ 'ಸ್ಟ್ರಿಂಗ್‌ಐಒ' ಕೊಟ್ಟರೆ ಸಾಕು. ಮೆಮೊರಿಯಲ್ಲೇ ಹುಟ್ಟಿ ಮೆಮೊರಿಯಲ್ಲೇ ಹೋಗುತ್ತದೆ.

ಹಾಗಂತ ಎಲ್ಲ ಕಡೆ ಇದನ್ನೇ ಹಿಡಿದುಕೊಳ್ಳಬೇಡಿ. ಪರ್ಮಿಷನ್, ಹೆಸರು ಬದಲಾಯಿಸುವುದು, ಲಾಕ್, ಎನ್‌ಕೋಡಿಂಗ್ ಇವೆಲ್ಲ ನಿಜವಾದ ಫೈಲ್ ಸಿಸ್ಟಂನಲ್ಲೇ ಕೈ ಕೊಡುವುದು. ಫೈಲ್ ಸಿಸ್ಟಂ ಪೂರ್ತಿಯನ್ನೇ ನಕಲಿ ಮಾಡಿಕೊಡುವ 'ಪೈಫೇಕ್‌ಎಫ್‌ಎಸ್' ಎಂಬ ಲೈಬ್ರರಿಯೂ ಇದೆ. ನನಗೆ ಅದರ ಮೇಲೆ ಅಷ್ಟೇನೂ ಒಲವಿಲ್ಲ. ಸಿ ಭಾಷೆಯಲ್ಲಿ ಬರೆದ ಲೈಬ್ರರಿಗಳು ಅದನ್ನು ದಾಟಿ ನೇರ ಡಿಸ್ಕ್‌ಗೆ ಹೋಗುತ್ತವೆ; ಆಗ ಹುಡುಕುವುದು ತಲೆನೋವು.

ಹಂತ 3: ಪಾತ್ ಹೊರಗಿನಿಂದ ಬರಲಿ

ನಮ್ಮ ಹಳೇ ಪ್ರೋಗ್ರಾಂನಲ್ಲಿ ಬಿಲ್ ಬರೆಯುವ ಫಂಕ್ಷನ್ ತಾನೇ ಜಾಗ ನಿರ್ಧರಿಸುತ್ತಿತ್ತು. ಒಳಗೆಲ್ಲೋ ಒಂದು ಕಡೆ 'ಎಂಕೆಎಸ್‌ಟೆಂಪ್' ಕರೆದು ಫೈಲ್ ಮಾಡಿ, ಬರೆದು, ಹೆಸರು ವಾಪಸ್ ಕೊಡುತ್ತಿತ್ತು. ಅಳಿಸುವ ಸಾಲು ಎಲ್ಲೂ ಇರಲಿಲ್ಲ. 'ಎಂಕೆಎಸ್‌ಟೆಂಪ್' ಸ್ವತಃ ಒಳ್ಳೆಯದೇ. ನಿಮಗೆ ಮಾತ್ರ ಓದಲು, ಬರೆಯಲು ಆಗುವಂತೆ ಸುರಕ್ಷಿತವಾಗಿ ಫೈಲ್ ಮಾಡುತ್ತದೆ. ಆದರೆ ಅಳಿಸುವ ಹೊಣೆ ಕರೆದವರದ್ದು. ಅದು ವಾಪಸ್ ಕೊಡುವುದು ಎರಡು: ತೆರೆದ ಫೈಲ್‌ನ ನಂಬರ್ ಮತ್ತು ಪಾತ್. ತುಂಬಾ ಜನ ಪಾತ್ ಇಟ್ಟುಕೊಂಡು ನಂಬರ್ ಮರೆಯುತ್ತಾರೆ. ಫೈಲ್ ಅಳಿಸಿದರೂ ಆ ನಂಬರ್ ತೆರೆದೇ ಇರುತ್ತದೆ. ಪ್ರೊಸೆಸ್ ಮುಗಿಯುವ ತನಕ ಡಿಸ್ಕ್ ಜಾಗವೂ ವಾಪಸ್ ಬರುವುದಿಲ್ಲ. 'ಡಿಯು' ಒಂದು ಲೆಕ್ಕ, 'ಡಿಎಫ್' ಇನ್ನೊಂದು ಲೆಕ್ಕ ಹೇಳಿದರೆ 'ಎಲ್‌ಎಸ್‌ಒಎಫ್ +ಎಲ್1' ಹೊಡೆಯಿರಿ. ಅಳಿಸಿದ್ದರೂ ಯಾರೋ ಹಿಡಿದುಕೊಂಡಿರುವ ಫೈಲ್‌ಗಳು ಅಲ್ಲಿ ಸಾಲಾಗಿ ಕಾಣುತ್ತವೆ.

'ಎಸ್' ಇಲ್ಲದ 'ಎಂಕೆಟೆಂಪ್' ಅನ್ನುವ ಪೈಥಾನ್ ಫಂಕ್ಷನ್ ಕಂಡರೆ ತಕ್ಷಣ ತೆಗೆದುಹಾಕಿ. ಅದು ಹೆಸರು ಮಾತ್ರ ಕೊಡುತ್ತದೆ, ಫೈಲ್ ಮಾಡುವುದಿಲ್ಲ. ಹೆಸರು ಕೊಟ್ಟ ಕ್ಷಣಕ್ಕೂ ನೀವು ಫೈಲ್ ಮಾಡುವ ಕ್ಷಣಕ್ಕೂ ನಡುವೆ ಬೇರೆಯವರು ಅದೇ ಹೆಸರಲ್ಲಿ ಫೈಲನ್ನೋ ಸಿಮ್‌ಲಿಂಕನ್ನೋ (ಬೇರೆ ಫೈಲ್‌ಗೆ ತೋರಿಸುವ ಕೊಂಡಿ) ಇಟ್ಟುಬಿಡಬಹುದು. ಪೈಥಾನ್ 2.3ರಿಂದಲೇ ಇದನ್ನು ಬಳಸಬೇಡಿ ಎಂದು ಹೇಳಿಕೊಂಡು ಬಂದಿದ್ದಾರೆ.

ಈಗ ಬದಲಾವಣೆ. ಫಂಕ್ಷನ್‌ಗೆ ಎರಡು ಪಾತ್ ಕೊಡಿ: ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು. ಅಷ್ಟೇ. ಜಾಗ ನಿರ್ಧರಿಸುವ ಅಧಿಕಾರ ಕರೆದವರ ಕೈಗೆ ಬಂತು. ಪ್ರೊಡಕ್ಷನ್‌ನಲ್ಲಿ (ನಿಜವಾದ ಬಳಕೆಯಲ್ಲಿ) ಮುಖ್ಯ ಪ್ರೋಗ್ರಾಂ ಒಂದು ಜಾಗ ಕೊಡುತ್ತದೆ, ಟೆಸ್ಟ್ ತನ್ನ ಜಾಗ ಕೊಡುತ್ತದೆ. ಟೆಸ್ಟ್‌ಗಾಗಿ ಕೋಡ್ ಬದಲಾಯಿಸಬೇಕಾ ಎಂದು ಮೂಗು ಮುರಿಯುವವರಿದ್ದಾರೆ. ನಮ್ಮಲ್ಲಿ ಈ ಒಂದು ಬದಲಾವಣೆ ಆದ ಮೇಲೆ ಮಾಕ್ (ನಕಲಿ ವಸ್ತು) ತುಂಬಿಕೊಂಡಿದ್ದ ಎಷ್ಟೋ ಟೆಸ್ಟ್‌ಗಳು ಮೂರ್ನಾಲ್ಕು ಸಾಲಿಗೆ ಇಳಿದವು.

ಹಂತ 4: ಟೆಸ್ಟ್‌ಗೆ ತನ್ನದೇ ಒಂದು ಕೋಣೆ

ಪೈಟೆಸ್ಟ್ 3.9ರಿಂದ 'ಟಿಎಂಪಿ_ಪಾತ್' ಎಂಬ ಫಿಕ್ಸ್‌ಚರ್ (ಟೆಸ್ಟ್‌ಗೆ ಬೇಕಾದ್ದನ್ನು ಮೊದಲೇ ಸಿದ್ಧ ಮಾಡಿಕೊಡುವ ಫಂಕ್ಷನ್) ಕೊಡುತ್ತದೆ. ಟೆಸ್ಟ್ ಫಂಕ್ಷನ್‌ನ ಬ್ರಾಕೆಟ್ ಒಳಗೆ ಆ ಹೆಸರು ಬರೆದರೆ ಸಾಕು, ಆ ಟೆಸ್ಟ್‌ಗೆಂದೇ ಒಂದು ಹೊಸ ಖಾಲಿ ಡೈರೆಕ್ಟರಿ ಸಿಗುತ್ತದೆ. ಹೀಗೆ:

ಡೆಫ್ ಟೆಸ್ಟ್_ಒಬ್ಬರ_ಬಿಲ್(ಟಿಎಂಪಿ_ಪಾತ್):
    ಹಾಲು = ಟಿಎಂಪಿ_ಪಾತ್ / "ಹಾಲು.ಸಿಎಸ್‌ವಿ"
    ಹಾಲು.ರೈಟ್_ಟೆಕ್ಸ್ಟ್("101,ಬೆಳಿಗ್ಗೆ,6.5,4.1", ಎನ್‌ಕೋಡಿಂಗ್="ಯುಟಿಎಫ್-8")
    ಔಟ್ = ಟಿಎಂಪಿ_ಪಾತ್ / "ಬಿಲ್"
    ಬಿಲ್_ಬರೆ(ಹಾಲು, ಔಟ್)
    ಅಸರ್ಟ್ (ಔಟ್ / "101.ಟಿಎಕ್ಸ್‌ಟಿ").ಎಕ್ಸಿಸ್ಟ್ಸ್()

'ಬಿಲ್' ಅನ್ನುವ ಒಳಗಿನ ಫೋಲ್ಡರನ್ನು ಟೆಸ್ಟ್ ಮಾಡಿಕೊಟ್ಟಿಲ್ಲ ನೋಡಿ. ಬೇಕೆಂದೇ ಬಿಟ್ಟಿದ್ದು. ಹೊಸ ಮಷೀನ್‌ನಲ್ಲಿ ಆ ಫೋಲ್ಡರ್ ಇರುವುದಿಲ್ಲ, ಪ್ರೋಗ್ರಾಂ ಆಗ ಏನು ಮಾಡುತ್ತದೆ ಎಂಬುದೂ ಇಲ್ಲೇ ಗೊತ್ತಾಗಲಿ.

ಈ ಡೈರೆಕ್ಟರಿ ಇರುವ ಜಾಗ ನೋಡಿಟ್ಟುಕೊಳ್ಳಿ. 'ಪೈಟೆಸ್ಟ್-ಆಫ್-' ಫೋಲ್ಡರ್ ಒಳಗೆ 'ಪೈಟೆಸ್ಟ್-0', 'ಪೈಟೆಸ್ಟ್-1' ಎಂದು ಪ್ರತಿ ಓಟಕ್ಕೆ ಒಂದು, ಅದರೊಳಗೆ ಟೆಸ್ಟ್‌ನ ಹೆಸರಿನಲ್ಲಿ ಇನ್ನೊಂದು. ಟೆಸ್ಟ್ ಹೆಸರು ಉದ್ದ ಇದ್ದರೆ ಮೊದಲ 30 ಅಕ್ಷರಕ್ಕೆ ಕತ್ತರಿಸುತ್ತದೆ. ಟೆಸ್ಟ್ ಮುಗಿದ ಕೂಡಲೇ ಇವನ್ನು ಅಳಿಸುವುದಿಲ್ಲ; ಕೊನೆಯ ಮೂರು ಓಟ ಇಟ್ಟುಕೊಂಡು ಹಳೆಯದನ್ನು ತೆಗೆಯುತ್ತದೆ. ಫೇಲ್ ಆದ ಟೆಸ್ಟ್‌ನ ಫೈಲ್ ತೆರೆದು ನೋಡಲು ಇದು ವರ.

ಜಾಗ ಬದಲಾಯಿಸಲು '--ಬೇಸ್‌ಟೆಂಪ್' ಎಂಬ ಆಯ್ಕೆ ಇದೆ. ಹುಷಾರು! ನೀವು ಕೊಟ್ಟ ಡೈರೆಕ್ಟರಿಯನ್ನು ಪ್ರತಿ ಓಟಕ್ಕೂ ಮುಂಚೆ ಪೂರ್ತಿ ಅಳಿಸಿ ಶುರು ಮಾಡುತ್ತದೆ. ಸುಮ್ನೆ ಹತ್ತಿರ ಇದೆ ಎಂದು ಡೌನ್‌ಲೋಡ್ಸ್ ಫೋಲ್ಡರ್ ಕೊಟ್ಟರೆ ಅಳುವುದೊಂದೇ ಬಾಕಿ.

ಹಳೇ ಕೋಡ್‌ನಲ್ಲಿ 'ಟಿಎಂಪಿಡಿಐಆರ್' ಎಂಬ ಹೆಸರಿನದ್ದೇ ಒಂದು ಫಿಕ್ಸ್‌ಚರ್ ಕಾಣಬಹುದು. ಎನ್ವಿರಾನ್‌ಮೆಂಟ್ ವೇರಿಯಬಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಕೆಲಸ ಒಂದೇ, ಆದರೆ ಕೊಡುವುದು ಹಳೇ ಶೈಲಿಯ ಪಾತ್. ಹೊಸ ಟೆಸ್ಟ್‌ಗೆ ಬಳಸಬೇಡಿ.

ಹಂತ 5: ಅಳಿಸುವುದನ್ನು ಟೆಸ್ಟ್‌ನ ಕೊನೇ ಸಾಲಿಗೆ ಬಿಡಬೇಡಿ

ತುಂಬಾ ಕಡೆ ಕಾಣುವ ತಪ್ಪು ಇದು. ಟೆಸ್ಟ್‌ನ ಕೊನೆಯಲ್ಲಿ 'ಒಎಸ್.ರಿಮೂವ್' ಎಂದು ಒಂದು ಸಾಲು. ಟೆಸ್ಟ್ ಪಾಸ್ ಆದರೆ ಚೆನ್ನ. ಮೇಲಿನ ಅಸರ್ಟ್ (ಉತ್ತರ ಪರೀಕ್ಷಿಸುವ ಸಾಲು) ಫೇಲ್ ಆದರೆ ಆ ಸಾಲಿಗೆ ಬರುವುದೇ ಇಲ್ಲ. ಬಿಟ್ಟುಹೋದ ಫೈಲ್ ಮುಂದಿನ ಓಟದಲ್ಲಿ ಇನ್ನೊಂದು ಟೆಸ್ಟ್‌ಗೆ ಸಿಕ್ಕಿ ಅದೂ ಫೇಲ್. ಒಂದು ಬಗ್‌ಗೆ ನಾಲ್ಕು ಟೆಸ್ಟ್ ಕೆಂಪಾದಾಗ ಯಾವುದು ಮೊದಲು ಬಿದ್ದದ್ದು ಎಂದು ಹುಡುಕುತ್ತಾ ಕೂರಬೇಕು.

ಪೈಟೆಸ್ಟ್ ಇಲ್ಲದೆ ಬರೀ ಯೂನಿಟ್‌ಟೆಸ್ಟ್ ಬಳಸುವವರು 'ಟೆಂಪರರಿಡೈರೆಕ್ಟರಿ' ಕ್ಲಾಸ್ ಹಿಡಿಯಿರಿ. 'ವಿತ್' ಬ್ಲಾಕ್‌ನಲ್ಲಿ ಬಳಸಿದರೆ ಹೊರಗೆ ಬರುವಾಗ ತಾನೇ ಅಳಿಸುತ್ತದೆ, ಎಕ್ಸೆಪ್ಷನ್ ಬಂದರೂ. ಪ್ರತಿ ಟೆಸ್ಟ್‌ಗೆ ಮುಂಚೆ ಓಡುವ 'ಸೆಟಪ್'ನಲ್ಲಿ ಮಾಡಿಕೊಂಡರೆ ಅದರ ಮುಂದಿನ ಸಾಲಿನಲ್ಲೇ 'ಆ್ಯಡ್‌ಕ್ಲೀನಪ್' ಬರೆಯಿರಿ. ಟೆಸ್ಟ್ ನಂತರ ಓಡುವ 'ಟಿಯರ್‌ಡೌನ್'ಗೆ ಬಿಡಬೇಡಿ. 'ಸೆಟಪ್' ಮಧ್ಯದಲ್ಲಿ ಬಿದ್ದರೆ 'ಟಿಯರ್‌ಡೌನ್' ಓಡುವುದೇ ಇಲ್ಲ. 'ಆ್ಯಡ್‌ಕ್ಲೀನಪ್' ಓಡುತ್ತದೆ. ಪೈಥಾನ್ 3.11 ಅಥವಾ ಮುಂದಿನದಾದರೆ 'ಎಂಟರ್‌ಕಾಂಟೆಕ್ಸ್ಟ್' ಇನ್ನೂ ಸಲೀಸು.

ಸ್ವಂತ ಫಿಕ್ಸ್‌ಚರ್ ಬರೆಯುವಾಗಲೂ ಇದೇ ಮಾತು. 'ಯೀಲ್ಡ್' ನಂತರದ ಸಾಲುಗಳು ಟೆಸ್ಟ್ ಫೇಲ್ ಆದರೂ ಓಡುತ್ತವೆ. ಆದರೆ 'ಯೀಲ್ಡ್'ಗೆ ಮುಂಚೆಯೇ ಎರರ್ ಬಂದರೆ ಓಡುವುದಿಲ್ಲ. ಒಂದು ಫಿಕ್ಸ್‌ಚರ್‌ನಲ್ಲಿ ಮೂರು ವಸ್ತು ಹುಟ್ಟಿಸಬೇಡಿ, ಒಂದೊಂದಕ್ಕೆ ಒಂದೊಂದು ಮಾಡಿ.

ಶೆಲ್ ಸ್ಕ್ರಿಪ್ಟ್‌ನಲ್ಲಿ 'ಎಂಕೆಟೆಂಪ್ -ಡಿ' ಕಮಾಂಡ್‌ನಿಂದ ಡೈರೆಕ್ಟರಿ ಮಾಡಿ, ತಕ್ಷಣದ ಸಾಲಿನಲ್ಲಿ 'ಟ್ರ್ಯಾಪ್ ... ಎಕ್ಸಿಟ್' ಹಾಕಿ ಅಳಿಸುವ ಕೆಲಸ ಒಪ್ಪಿಸಿ. (ಹೆಸರು ಒಂದೇ ಆದರೂ ಶೆಲ್‌ನ ಈ ಕಮಾಂಡ್ ಪೈಥಾನ್‌ನ ಆ ಹಳೇ ಫಂಕ್ಷನ್‌ನ ಹಾಗಲ್ಲ. ಇದು ನಿಜಕ್ಕೂ ಡೈರೆಕ್ಟರಿ ಮಾಡಿಯೇ ಹೆಸರು ಕೊಡುತ್ತದೆ.) 'ಆರ್‌ಎಂ -ಆರ್‌ಎಫ್' ಮುಂದೆ ವೇರಿಯಬಲ್ ಖಾಲಿ ಇದ್ದರೆ ಏನಾಗುತ್ತದೆ ಎಂದು ಯೋಚಿಸಿ, 'ಸೆಟ್ -ಇಯು' ಮೇಲೆಯೇ ಬರೆದುಬಿಡಿ.

ಪ್ರೊಸೆಸನ್ನು ಬಲವಂತವಾಗಿ ಕೊಲ್ಲುವ 'ಕಿಲ್ -9' ಬಿದ್ದರೆ ಇದ್ಯಾವುದೂ ಓಡುವುದಿಲ್ಲ. ಟೈಮ್‌ಔಟ್ ಆದ ಬಿಲ್ಡನ್ನು ಪೈಪ್‌ಲೈನ್ (ಬಿಲ್ಡ್, ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಕೊಲ್ಲುವುದೂ ಕೊನೆಗೆ ಹಾಗೆಯೇ. ಆ ಕಸಕ್ಕೆ ಹಂತ 9ರಲ್ಲಿ ಹೇಳುವ ಮೇಲುಸ್ತುವಾರಿ ಬೇಕು.

ಹಂತ 6: ಹೋಮ್ ಡೈರೆಕ್ಟರಿ ಮತ್ತು ನಿಂತ ಜಾಗ

ಪ್ರೋಗ್ರಾಂ ಬಿಲ್ ಮಾತ್ರ ಬರೆಯುತ್ತದೆ ಅಂದುಕೊಂಡಿರುತ್ತೀರಿ. ಅದು ಹೋಮ್ ಡೈರೆಕ್ಟರಿಯಲ್ಲಿ ಒಂದು ಸೆಟ್ಟಿಂಗ್ ಫೈಲನ್ನೂ, ನಿಂತ ಜಾಗದಲ್ಲಿ ಒಂದು ಲಾಗ್ ಫೈಲನ್ನೂ ಬರೆಯುತ್ತಿರಬಹುದು. ನಾನೇ ಬರೆದ ಒಂದು ಟೆಸ್ಟ್, 'ಸೆಟ್ಟಿಂಗ್ ರಿಸೆಟ್' ಪರೀಕ್ಷಿಸಲು ಹೋಗಿ, ನನ್ನ ಲ್ಯಾಪ್‌ಟಾಪ್‌ನ ಅಸಲಿ ಸೆಟ್ಟಿಂಗನ್ನೇ ಅಳಿಸಿತ್ತು. ಟೆಸ್ಟ್ ಏನೋ ಪಾಸ್ ಆಯಿತು.

ಇದಕ್ಕೆ 'ಮಂಕಿಪ್ಯಾಚ್' ಫಿಕ್ಸ್‌ಚರ್ ಇದೆ. 'ಮಂಕಿಪ್ಯಾಚ್.ಸೆಟ್‌ಎನ್ವ್' ಮೂಲಕ 'ಹೋಮ್' ವೇರಿಯಬಲನ್ನು 'ಟಿಎಂಪಿ_ಪಾತ್'ಗೆ ತಿರುಗಿಸಿ. 'ಮಂಕಿಪ್ಯಾಚ್.ಸಿಎಚ್‌ಡಿಐಆರ್' ಮೂಲಕ ನಿಂತ ಜಾಗವನ್ನೂ ಬದಲಾಯಿಸಿ. ಟೆಸ್ಟ್ ಮುಗಿದ ಮೇಲೆ ಎರಡೂ ಮೊದಲಿನಂತಾಗುತ್ತವೆ. ವಿಂಡೋಸ್‌ನಲ್ಲಿ ಪೈಥಾನ್ ನೋಡುವುದು 'ಯೂಸರ್‌ಪ್ರೊಫೈಲ್' ವೇರಿಯಬಲನ್ನು, ಅದನ್ನೂ ಸೇರಿಸಿ. ಇದನ್ನು 'ಆಟೋಯೂಸ್' ಫಿಕ್ಸ್‌ಚರ್ ಮಾಡಿ ಎಲ್ಲ ಟೆಸ್ಟ್‌ಗೂ ಹಾಕಿಬಿಡುವುದು ನನ್ನ ಅಭ್ಯಾಸ. ಸ್ವಲ್ಪ ನಿಧಾನವಾದರೂ ನೆಮ್ಮದಿ ಜಾಸ್ತಿ.

ಹಂತ 7: ಒಟ್ಟಿಗೆ ಓಡುವ ಟೆಸ್ಟ್‌ಗಳು

'ಲೋಕಲ್‌ನಲ್ಲಿ ಪಾಸ್ ಆಗ್ತಿದೆ ಗುರು, ಸರ್ವರ್‌ನಲ್ಲಿ ಮಾತ್ರ ಫೇಲ್' ಅನ್ನುವ ಮಾತು ಕೇಳಿದಾಗ ನಾನು ಮೊದಲು ನೋಡುವುದು ಇದನ್ನು. ಲೋಕಲ್‌ನಲ್ಲಿ ಒಂದೊಂದಾಗಿ ಓಡುತ್ತದೆ, ಸರ್ವರ್‌ನಲ್ಲಿ ಎಂಟು ವರ್ಕರ್ (ಟೆಸ್ಟ್‌ಗಳನ್ನು ಹಂಚಿಕೊಂಡು ಒಟ್ಟಿಗೆ ಓಡಿಸುವ ಪ್ರೊಸೆಸ್). ಎರಡು ಟೆಸ್ಟ್‌ಗಳು 'ಔಟ್.ಸಿಎಸ್‌ವಿ' ಎಂಬ ಒಂದೇ ಹೆಸರಿಗೆ ಕಿತ್ತಾಡುತ್ತಿರುತ್ತವೆ. ಹೀಗೆ ಒಟ್ಟಿಗೆ ಓಡಿಸುವ ಪ್ಲಗಿನ್ ಪೈಟೆಸ್ಟ್-ಎಕ್ಸ್‌ಡಿಸ್ಟ್ ಪ್ರತಿ ವರ್ಕರ್‌ಗೂ ಬೇರೆ ಬೇರೆ ಬೇಸ್ ಡೈರೆಕ್ಟರಿ ಕೊಡುತ್ತದೆ, ಹಾಗಾಗಿ 'ಟಿಎಂಪಿ_ಪಾತ್' ಬಳಸಿದವರಿಗೆ ತೊಂದರೆ ಇಲ್ಲ.

ಒಂದು ಕಡೆ ಮಾತ್ರ ಎಡವುತ್ತಾರೆ. ದೊಡ್ಡ ಮಾದರಿ ಫೈಲ್ ಒಂದನ್ನು 'ಸೆಷನ್' ಮಟ್ಟದ ಫಿಕ್ಸ್‌ಚರ್‌ನಲ್ಲಿ ಒಮ್ಮೆ ಮಾಡಿ ಎಲ್ಲರೂ ಓದೋಣ ಎಂದುಕೊಳ್ಳುತ್ತಾರೆ. ಸೆಷನ್ ಎಂದರೆ ವರ್ಕರ್‌ಗೆ ಒಂದು ಸೆಷನ್. ಎಂಟು ವರ್ಕರ್ ಇದ್ದರೆ ಎಂಟು ಸಲ ಹುಟ್ಟುತ್ತದೆ. ಒಂದೇ ಸಲ ಸಾಕು ಅಂದರೆ 'ಟಿಎಂಪಿ_ಪಾತ್_ಫ್ಯಾಕ್ಟರಿ'ಯ ಬೇಸ್ ಡೈರೆಕ್ಟರಿಗೆ ಒಂದು ಮೆಟ್ಟಿಲು ಮೇಲೆ ಹೋಗಿ. ಅದು ಎಲ್ಲ ವರ್ಕರ್‌ಗೂ ಸಾಮಾನ್ಯ. ಅಲ್ಲಿ 'ಫೈಲ್‌ಲಾಕ್' ಲೈಬ್ರರಿಯಿಂದ ಬೀಗ ಹಾಕಿ, ಮೊದಲು ಬಂದವರು ಮಾಡಲಿ, ಉಳಿದವರು ಇದೆಯಾ ಎಂದು ನೋಡಿ ಓದಲಿ. ಓದುವುದಷ್ಟೇ. ಯಾರಾದರೂ ಅದಕ್ಕೆ ಬರೆಯಲು ಶುರು ಮಾಡಿದರೆ ಕಥೆ ಮುಗಿಯಿತು.

ಹಂತ 8: ಜಾಗ ಬದಲಾದಾಗ ಕೈ ಕೊಡುವ ಸಂಗತಿಗಳು

ವಿಂಡೋಸ್: ತೆರೆದಿರುವ ಫೈಲನ್ನು ಅಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. 'ನೇಮ್ಡ್‌ಟೆಂಪರರಿಫೈಲ್' ತೆರೆದಿರುವಾಗಲೇ ಅದೇ ಹೆಸರಿನಿಂದ ಇನ್ನೊಮ್ಮೆ ತೆರೆಯಲು ಹೋದರೆ ಪರ್ಮಿಷನ್ ಎರರ್. ಪೈಥಾನ್ 3.12ರಲ್ಲಿ ಬಂದ 'ಡಿಲೀಟ್_ಆನ್_ಕ್ಲೋಸ್=ಫಾಲ್ಸ್' ಇದಕ್ಕೆ ಮದ್ದು: ಮುಚ್ಚಿದರೂ ಫೈಲ್ ಉಳಿಯುತ್ತದೆ, 'ವಿತ್' ಬ್ಲಾಕ್ ಮುಗಿದಾಗ ಹೋಗುತ್ತದೆ. ಹಳೇ ಆವೃತ್ತಿಯಾದರೆ ಟೆಂಪರರಿ ಡೈರೆಕ್ಟರಿ ಮಾಡಿ ಅದರೊಳಗೆ ಮಾಮೂಲಿ ಫೈಲ್ ಬರೆಯಿರಿ. ಎಲ್ಲ ಕಡೆ ನಡೆಯುತ್ತದೆ.

ಲಿನಕ್ಸ್‌ನಲ್ಲೂ ಇದರ ತಮ್ಮನೊಬ್ಬ ಇದ್ದಾನೆ. ತೆರೆದ ಫೈಲ್‌ಗೆ ಬರೆದು, ಮುಚ್ಚದೆ, ಅದರ ಹೆಸರನ್ನು ಫಂಕ್ಷನ್‌ಗೆ ಕೊಟ್ಟರೆ ಫಂಕ್ಷನ್‌ಗೆ ಖಾಲಿ ಫೈಲ್ ಕಾಣುತ್ತದೆ. ಬರೆದದ್ದು ಇನ್ನೂ ಬಫರ್‌ನಲ್ಲಿದೆ. 'ಫ್ಲಷ್' ಮಾಡಿ, ಇಲ್ಲವೇ ಮುಚ್ಚಿ.

ಮ್ಯಾಕ್: '/ಟಿಎಂಪಿ' ಅಲ್ಲಿ '/ಪ್ರೈವೇಟ್/ಟಿಎಂಪಿ'ಗೆ ಸಿಮ್‌ಲಿಂಕ್, '/ವರ್' ಕೂಡ ಹಾಗೆಯೇ. ನೀವು ಕೊಟ್ಟ ಪಾತ್ ಒಂದು, ಪ್ರೋಗ್ರಾಂ ವಾಪಸ್ ಹೇಳುವ ಪಾತ್ ಇನ್ನೊಂದು. ಹೋಲಿಸುವ ಮುಂಚೆ ಎರಡಕ್ಕೂ 'ರಿಸಾಲ್ವ್' ಮಾಡಿ. ಅಲ್ಲಿನ ಟೆಂಪ್ ಪಾತ್ ಉದ್ದವೂ ಹೌದು. ಒಂದೇ ಮಷೀನ್‌ನ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಯುನಿಕ್ಸ್ ಸಾಕೆಟ್‌ನ ಪಾತ್‌ಗೆ ಲಿನಕ್ಸ್‌ನಲ್ಲಿ 108 ಬೈಟ್, ಮ್ಯಾಕ್‌ನಲ್ಲಿ 104 ಬೈಟ್ ಮಿತಿ ಇರುವುದರಿಂದ 'ಟಿಎಂಪಿ_ಪಾತ್' ಒಳಗೆ ಸಾಕೆಟ್ ಇಟ್ಟರೆ ಮಿತಿ ದಾಟುವುದು ಮಾಮೂಲು. ಸಾಕೆಟ್‌ಗೆ ಮಾತ್ರ '/ಟಿಎಂಪಿ' ಕೆಳಗೆ ನೇರವಾಗಿ ಒಂದು ಚಿಕ್ಕ ಹೆಸರಿನ ಡೈರೆಕ್ಟರಿ ಮಾಡಿಕೊಳ್ಳಿ.

ಡಾಕರ್: 'ಓದಲು ಪರ್ಮಿಷನ್ ಇಲ್ಲದಿದ್ದರೆ ಎರರ್ ಬರಬೇಕು' ಎಂಬ ಟೆಸ್ಟ್ ಕಂಟೇನರ್ (ಡಾಕರ್ ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪರಿಸರ) ಒಳಗೆ ಫೇಲ್ ಆಗುತ್ತದೆ. ಒಳಗೆ ಸಾಮಾನ್ಯವಾಗಿ ನೀವು ರೂಟ್ (ಎಲ್ಲ ಅಧಿಕಾರದ ಯೂಸರ್), ರೂಟ್‌ಗೆ ಯಾವ ಪರ್ಮಿಷನ್ನೂ ಅಡ್ಡ ಬರುವುದಿಲ್ಲ. ಯೂಸರ್ ಐಡಿ 0 ಇದ್ದರೆ ಆ ಟೆಸ್ಟನ್ನು ಬಿಟ್ಟುಬಿಡಿ, ಅಥವಾ ಬೇರೆ ಯೂಸರ್ ಆಗಿ ಓಡಿಸಿ.

ಇನ್ನು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು. ಅರ್ಧಂಬರ್ಧ ಬಿಲ್ ಯಾರಿಗೂ ಕಾಣಬಾರದೆಂದು ಪ್ರೋಗ್ರಾಂ ಮೊದಲು ಟೆಂಪ್ ಫೈಲ್‌ಗೆ ಬರೆದು, ಆಮೇಲೆ ಹೆಸರು ಬದಲಾಯಿಸಿ ಸರಿಯಾದ ಜಾಗಕ್ಕೆ ತರುತ್ತದೆ. ಒಳ್ಳೆಯ ಪದ್ಧತಿ. ಆದರೆ ಆ ಟೆಂಪ್ ಫೈಲ್ '/ಟಿಎಂಪಿ'ಯಲ್ಲಿ ಹುಟ್ಟಿದರೆ? ಟೆಸ್ಟ್‌ನಲ್ಲಿ ಎರಡು ಜಾಗವೂ '/ಟಿಎಂಪಿ' ಕೆಳಗೇ ಇರುತ್ತದೆ, ಸಲೀಸಾಗಿ ಪಾಸ್. ಪ್ರೊಡಕ್ಷನ್‌ನಲ್ಲಿ ಬಿಲ್ ಹೋಗುವುದು ಬೇರೆ ಪಾರ್ಟಿಷನ್‌ಗೆ. ಒಂದು ಫೈಲ್ ಸಿಸ್ಟಂನಿಂದ ಇನ್ನೊಂದಕ್ಕೆ ಹೆಸರು ಬದಲಾಯಿಸಿ ದಾಟಲು ಆಗುವುದಿಲ್ಲ. ಲಿನಕ್ಸ್ ಎರರ್ ನಂಬರ್ 18 ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಟೆಂಪ್ ಫೈಲನ್ನು ಗುರಿ ಫೈಲ್ ಇರುವ ಡೈರೆಕ್ಟರಿಯಲ್ಲೇ ಮಾಡಿ, 'ಒಎಸ್.ರಿಪ್ಲೇಸ್' ಬಳಸಿ. ಅದಕ್ಕೊಂದು ಟೆಸ್ಟನ್ನೂ ಬರೆಯಿರಿ: ಬರೆಯುವ ಮಧ್ಯದಲ್ಲಿ ಬೇಕೆಂದೇ ಎಕ್ಸೆಪ್ಷನ್ ಎಬ್ಬಿಸಿ, ಆಮೇಲೆ ಆ ಡೈರೆಕ್ಟರಿ ಖಾಲಿ ಇದೆಯಾ ನೋಡಿ. ಅರ್ಧ ಬರೆದ ಟೆಂಪ್ ಫೈಲ್ ಅಲ್ಲಿ ಉಳಿದಿದ್ದರೆ ಸೋರುತ್ತಿರುವುದು ಪ್ರೋಗ್ರಾಮೇ.

(ಡಿಸ್ಕ್ ತುಂಬಿದಾಗ ಪ್ರೋಗ್ರಾಂ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ಡಿಸ್ಕ್ ತುಂಬಿಸಬೇಕಿಲ್ಲ. ಲಿನಕ್ಸ್‌ನಲ್ಲಿ '/ಡೆವ್/ಫುಲ್' ಎಂಬ ಫೈಲ್‌ಗೆ ಬರೆಯಿರಿ. ಯಾವಾಗಲೂ 'ಜಾಗ ಇಲ್ಲ' ಎಂದೇ ಹೇಳುತ್ತದೆ.)

ಕನ್ನಡ ಹೆಸರಿನ ಫೈಲ್‌ಗಳು

ಸದಸ್ಯರ ನಂಬರ್ ಬದಲು ಹೆಸರಿನಲ್ಲೇ ಬಿಲ್ ಬೇಕು ಎಂದು ಡೈರಿಯವರು ಕೇಳಿದರು ಅಂದುಕೊಳ್ಳಿ. 'ಲಕ್ಷ್ಮೀನಾರಾಯಣಪ್ಪ.ಟಿಎಕ್ಸ್‌ಟಿ'. ನಮ್ಮ ಕಣ್ಣಿಗೆ ಹೆಸರು ಏಳು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ಒತ್ತಿನ ವಿರಾಮ ಚಿಹ್ನೆ, ಸ್ವರ ಚಿಹ್ನೆ ಎಲ್ಲ ಸೇರಿ 16. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್, ಅಂದರೆ 48 ಬೈಟ್. ಎಕ್ಸ್‌ಟಿ4ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡಕ್ಕೆ ಸಿಗುವುದು 85 ಚಿಹ್ನೆ ಮಾತ್ರ. ಹೆಸರಿನ ಜೊತೆ ತಂದೆ ಹೆಸರು, ಊರು, ತಿಂಗಳು ಸೇರಿಸಿದರೆ ಬೇಗ ಮುಗಿಯುತ್ತದೆ. ಇಂಗ್ಲಿಷ್ ಹೆಸರಿನಿಂದಲೇ ಪರೀಕ್ಷಿಸಿದ ಟೆಸ್ಟ್‌ಗೆ ಇದು ಯಾವತ್ತೂ ಕಾಣುವುದಿಲ್ಲ.

ಇನ್ನೊಂದು, 'ಗೋಪಾಲ'. ಇಲ್ಲಿನ 'ಗೋ'ಗೆ ಸ್ವರ ಚಿಹ್ನೆ ಒಂದೇ ಯೂನಿಕೋಡ್ ಸಂಖ್ಯೆಯಾಗಿ ಇರಬಹುದು, ಅಥವಾ ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಇರಬಹುದು. ನೋಡಲು ಎರಡೂ ಒಂದೇ. ಲಿನಕ್ಸ್‌ನ ಎಕ್ಸ್‌ಟಿ4 ಸಾಮಾನ್ಯವಾಗಿ ಬೈಟ್ ನೋಡುತ್ತದೆ, ಎರಡು ಬೇರೆ ಫೈಲ್ ಮಾಡುತ್ತದೆ. ಮ್ಯಾಕ್‌ನ ಎಪಿಎಫ್‌ಎಸ್ ಎರಡನ್ನೂ ಒಂದೇ ಎಂದು ನೋಡುತ್ತದೆ. ಫೈಲ್ ಹೆಸರು ಮಾಡುವ ಮುಂಚೆ 'ಯೂನಿಕೋಡ್‌ಡೇಟಾ.ನಾರ್ಮಲೈಸ್'ನಿಂದ 'ಎನ್‌ಎಫ್‌ಸಿ' (ತುಂಡುಗಳನ್ನು ಕೂಡಿಸಿದ) ರೂಪಕ್ಕೆ ತನ್ನಿ. ಟೆಸ್ಟ್‌ನಲ್ಲಿ ಎರಡೂ ರೂಪ ಕೊಟ್ಟು ಒಂದೇ ಫೈಲ್ ಬರುತ್ತದಾ ನೋಡಿ.

ಎನ್‌ಕೋಡಿಂಗ್ ಬರೆಯುವುದನ್ನು ಮರೆಯಬೇಡಿ. ಇಂಗ್ಲಿಷ್ ಸೆಟ್ಟಿಂಗ್‌ನ ವಿಂಡೋಸ್‌ನಲ್ಲಿ ಪೈಥಾನ್ ಈ ತನಕ ಬಹುತೇಕ ಆವೃತ್ತಿಗಳಲ್ಲಿ ಹಳೇ ಕೋಡ್‌ಪೇಜ್ 1252ರಲ್ಲಿ ಫೈಲ್ ತೆರೆಯುತ್ತದೆ. 'ಬೆಳಿಗ್ಗೆ' ಎಂದು ಬರೆಯಲು ಹೋದ ಟೆಸ್ಟ್ ಅಲ್ಲೇ ಬೀಳುತ್ತದೆ.

ಹಂತ 9: ಫೇಲ್ ಆದದ್ದನ್ನು ಉಳಿಸಿ, ಉಳಿದದ್ದನ್ನು ಎಸೆಯಿರಿ

ಎಲ್ಲವನ್ನೂ ತಕ್ಷಣ ಅಳಿಸುವುದೂ ಜಾಣತನ ಅಲ್ಲ. ಬಿಲ್ ತಪ್ಪಾಗಿದೆ ಎಂದು ಟೆಸ್ಟ್ ಹೇಳಿದಾಗ ಆ ಬಿಲ್ ಕಣ್ಣಾರೆ ನೋಡಬೇಕು ಅಲ್ವಾ? ಪೈಟೆಸ್ಟ್ 7.3ರಿಂದ ಎರಡು ಸೆಟ್ಟಿಂಗ್ ಬಂದಿವೆ. 'ಟಿಎಂಪಿ_ಪಾತ್_ರಿಟೆನ್ಷನ್_ಪಾಲಿಸಿ'ಗೆ 'ಫೇಲ್ಡ್' ಎಂದು ಕೊಟ್ಟರೆ ಫೇಲ್ ಆದ ಟೆಸ್ಟ್‌ನ ಡೈರೆಕ್ಟರಿ ಮಾತ್ರ ಉಳಿಯುತ್ತದೆ. ಎಷ್ಟು ಓಟದ್ದು ಇಟ್ಟುಕೊಳ್ಳಬೇಕು ಎಂಬುದಕ್ಕೆ 'ಕೌಂಟ್' ಎಂದು ಮುಗಿಯುವ ಇನ್ನೊಂದು. ನಾನು ಲ್ಯಾಪ್‌ಟಾಪ್‌ನಲ್ಲಿ ಮೊದಲಿದ್ದಂತೆಯೇ ಬಿಟ್ಟು, ಬಿಲ್ಡ್ ಮಷೀನ್‌ನಲ್ಲಿ 'ಫೇಲ್ಡ್' ಹಾಕುತ್ತೇನೆ. ಫೇಲ್ ಆದರೆ ಆ ಫೋಲ್ಡರನ್ನು ಆರ್ಟಿಫ್ಯಾಕ್ಟ್ (ಬಿಲ್ಡ್ ಜೊತೆ ಉಳಿಸಿಡುವ ಫೈಲ್) ಆಗಿ ಮೇಲೆ ಕಳಿಸುವ ಹೆಜ್ಜೆಯೊಂದನ್ನು ಪೈಪ್‌ಲೈನ್‌ಗೆ ಸೇರಿಸಿ. ಟೆಸ್ಟ್ ಡೇಟಾದಲ್ಲಿ ನಿಜವಾದ ಜನರ ಹೆಸರು, ಬ್ಯಾಂಕ್ ಖಾತೆ ಇರಬಾರದು. ಆರ್ಟಿಫ್ಯಾಕ್ಟ್ ಯಾರ ಕಣ್ಣಿಗೂ ಬೀಳಬಹುದು.

ಗಿಟ್‌ಹಬ್ ಆ್ಯಕ್ಷನ್ಸ್‌ನ ಅವರದೇ ಮಷೀನ್ ಬಳಸಿದರೆ ಪ್ರತಿ ಜಾಬ್‌ಗೂ ಹೊಸ ಮಷೀನ್, ಕಸದ ಚಿಂತೆ ಕಡಿಮೆ. ನಿಮ್ಮದೇ ಮಷೀನ್ ಕಟ್ಟಿಕೊಂಡಿದ್ದರೆ 'ರನ್ನರ್_ಟೆಂಪ್' ಎಂಬ ಡೈರೆಕ್ಟರಿಯನ್ನೇ 'ಟಿಎಂಪಿಡಿಐಆರ್' ಮಾಡಿ. ಜಾಬ್ ಶುರುವಾಗುವಾಗ, ಮುಗಿಯುವಾಗ ಎರಡು ಸಲವೂ ಅದನ್ನು ಖಾಲಿ ಮಾಡುತ್ತಾರೆ. ಕಂಟೇನರ್ ಒಳಗೆ ರೂಟ್ ಬರೆದ ಫೈಲ್‌ಗಳನ್ನು ಮಾತ್ರ ಹೊರಗಿನ ಯೂಸರ್‌ಗೆ ಅಳಿಸಲು ಆಗುವುದಿಲ್ಲ. ಕಂಟೇನರನ್ನೇ ನಿಮ್ಮ ಯೂಸರ್ ಐಡಿಯಲ್ಲಿ ಓಡಿಸಿ.

'/ಟಿಎಂಪಿ' ತಾನೇ ಸ್ವಚ್ಛ ಆಗುತ್ತದೆ ಎಂದು ಕೂರಬೇಡಿ. ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ಮೂಲ ಸೆಟ್ಟಿಂಗ್ ಪ್ರಕಾರ '/ಟಿಎಂಪಿ'ಯಲ್ಲಿ 10 ದಿನ, '/ವರ್/ಟಿಎಂಪಿ'ಯಲ್ಲಿ 30 ದಿನ ಮುಟ್ಟದ ಫೈಲ್ ಹೋಗುತ್ತದೆ, ಆದರೆ ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ರೂಪಗಳು) ಇದನ್ನು ಬದಲಾಯಿಸುತ್ತವೆ. ಫೆಡೋರಾ 18ರಿಂದ, ಡೆಬಿಯನ್ 13ರಿಂದ '/ಟಿಎಂಪಿ' ಇರುವುದೇ ಮೆಮೊರಿಯಲ್ಲಿ. ಅಲ್ಲಿ 2 ಜಿಬಿ ಫೈಲ್ ಬರೆಯುವ ಟೆಸ್ಟ್ ಎಂದರೆ 2 ಜಿಬಿ ರ‍್ಯಾಮ್. ಅಂಥ ಟೆಸ್ಟ್‌ಗೆ '/ವರ್/ಟಿಎಂಪಿ' ತೋರಿಸಿ.

ಬೇರೆ ಭಾಷೆಯವರಿಗೆ

ಜಾವಾದಲ್ಲಿ ಜೆಯೂನಿಟ್ 5.4ರಿಂದ '@ಟೆಂಪ್‌ಡಿರ್' ಇದೆ, 5.9ರಿಂದ ಪಾಸ್ ಆದರೆ ಮಾತ್ರ ಅಳಿಸು ಎಂದೂ ಹೇಳಬಹುದು. 'ಡಿಲೀಟ್‌ಆನ್‌ಎಕ್ಸಿಟ್' ನಂಬಬೇಡಿ. ಜೆವಿಎಂ ಸರಿಯಾಗಿ ಮುಗಿದರೆ ಮಾತ್ರ ಓಡುತ್ತದೆ, ಖಾಲಿ ಇಲ್ಲದ ಡೈರೆಕ್ಟರಿಯನ್ನು ಅಳಿಸುವುದೂ ಇಲ್ಲ. ಗೋ ಭಾಷೆಯಲ್ಲಿ 1.15ರಿಂದ 'ಟಿ.ಟೆಂಪ್‌ಡಿರ್'. ಅಳಿಸಲು ಆಗದಿದ್ದರೆ ಅದು ಟೆಸ್ಟನ್ನೇ ಫೇಲ್ ಮಾಡುತ್ತದೆ. ನನಗೆ ಈ ಖಡಕ್‌ತನ ಇಷ್ಟ. ನೋಡ್‌ನಲ್ಲಿ 'ಎಫ್‌ಎಸ್.ಎಂಕೆಡಿಟೆಂಪ್' ನೀವು ಕೊಟ್ಟ ಹೆಸರಿಗೆ ಆರು ಅಕ್ಷರ ಅಂಟಿಸಿ ಡೈರೆಕ್ಟರಿ ಕೊಡುತ್ತದೆ. ಅಳಿಸುವ ಕೆಲಸ ನಿಮ್ಮದು, 'ಆಫ್ಟರ್‌ಈಚ್'ನಲ್ಲಿ ಬರೆಯಿರಿ.

ಹಂತ 10: ಸೋರಿಕೆ ವಾಪಸ್ ಬರದಂತೆ ಕಾವಲು

ಹಂತ 1ರ ಅಳತೆಯನ್ನೇ ಪೈಪ್‌ಲೈನ್‌ಗೆ ಸೇರಿಸಿ. ಖಾಲಿ 'ಟಿಎಂಪಿಡಿಐಆರ್' ಕೊಟ್ಟು ಟೆಸ್ಟ್ ಓಡಿಸಿ. ಮುಗಿದ ಮೇಲೆ 'ಪೈಟೆಸ್ಟ್-ಆಫ್-' ಬಿಟ್ಟು ಬೇರೇನಾದರೂ ಇದ್ದರೆ, ಅಥವಾ 'ಗಿಟ್ ಸ್ಟೇಟಸ್ --ಪೋರ್ಸಲೇನ್' ಏನಾದರೂ ಹೇಳಿದರೆ, ಬಿಲ್ಡ್ ಫೇಲ್. ನಾಲ್ಕೈದು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು. ಹಳೇ ಪ್ರಾಜೆಕ್ಟ್‌ನಲ್ಲಿ ಮೊದಲ ದಿನವೇ ಇದನ್ನು ಹಾಕಿದರೆ ಎಲ್ಲ ಕೆಂಪಾಗಿ ಟೀಮ್‌ನವರು ಬೈಯುತ್ತಾರೆ. ಈಗ ಉಳಿಯುತ್ತಿರುವ ಫೈಲ್‌ಗಳ ಸಂಖ್ಯೆಯನ್ನೇ ಮಿತಿಯಾಗಿ ಇಟ್ಟು, ಅದಕ್ಕಿಂತ ಹೆಚ್ಚಾದರೆ ಮಾತ್ರ ಫೇಲ್ ಮಾಡಿ. ಟೆಸ್ಟ್ ಸರಿ ಮಾಡುತ್ತಾ ಹೋದಂತೆ ಮಿತಿ ಇಳಿಸಿ. ನಮ್ಮಲ್ಲಿ ಅದು ಸೊನ್ನೆಗೆ ಬರಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಉಳಿದಿದ್ದ ಒಂದೇ ಒಂದು ಫೈಲ್ ಹುಟ್ಟಿಸುತ್ತಿದ್ದ ಟೆಸ್ಟ್ ಯಾರದ್ದು ಎಂದು 'ಗಿಟ್ ಬ್ಲೇಮ್' ಹೊಡೆದು ನೋಡಿದೆ. ನನ್ನದೇ.